ಓ ಅನ್ನದೆ ಉಳಿದ ಮನೆ

ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಿದ್ದರೆ ನಾನು ಈಗಲೂ ಒಂದು ಗಳಿಗೆ ನಿಂತುಬಿಡುತ್ತೇನೆ. ಬಸ್ ನಿಲ್ದಾಣವಾಗಲಿ ಆಸ್ಪತ್ರೆಯಾಗಲಿ, ಉಳಿದವರು ಮೂಗು ಮುಚ್ಚಿಕೊಂಡು ಮುಂದೆ ಹೋಗುತ್ತಾರೆ. ನನಗೆ ಮಾತ್ರ ಒಬ್ಬ ಹೆಂಗಸಿನ ದನಿ ನೆನಪಾಗುತ್ತದೆ.

ಕಳೆದ ಕಾರ್ತೀಕದಲ್ಲಿ ಹಾಗೆ ನಿಂತದ್ದು ನಾಗಮಂಗಲ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ. ಬಿಂಡಿಗನವಿಲೆಯಿಂದ ಮೂರು ಮೈಲಿ ಒಳಗಿರುವ ಊರು. ಹೆಸರು ಬರೆಯುವುದಿಲ್ಲ, ಗೊತ್ತಿರುವವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರಿಗೆ ಯಾವ ಊರಾದರೂ ಒಂದೇ. ಹಳೆಯ ಪರಿಚಯದವರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟ ಮುಗಿದರೂ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಕಾರ್ಯದರ್ಶಿಯಾಗಿದ್ದ ಕಚೇರಿ ಈಗ ಹೇಗಿದೆಯೋ ನೋಡೋಣ ಎಂದು ಒಳಗೆ ಕಾಲಿಟ್ಟರೆ, ಬಾಗಿಲ ಸಂದಿಯಲ್ಲಿ ಎರಡು ಮೂಟೆ ಬ್ಲೀಚಿಂಗ್ ಪುಡಿ ಒರಗಿಸಿಟ್ಟಿದ್ದರು.

ಈಗಿನ ಅಧಿಕಾರಿ ಚುರುಕಾದ ಹುಡುಗಿ. ಹಳಬ ಎಂದು ತಿಳಿದು ಎದ್ದು ನಿಂತಳು, ಕುರ್ಚಿ ಎಳೆದಳು, ಕಾಫಿ ತರಿಸಿದಳು.

“ಸಾರ್, ನಿಮ್ಮ ಕಾಲದಲ್ಲಿ ತಮಟೆ ಹೊಡೆಸಿ ಸಾರಿಸ್ತಿದ್ರಂತೆ ಹೌದಾ? ಈಗ ನೋಡಿ” ಎಂದು ಫೋನು ನನ್ನ ಮುಂದೆ ಹಿಡಿದಳು. “ನಾಳೆ ಟ್ಯಾಂಕ್ ತೊಳೆದು ಔಷಧಿ ಹಾಕ್ತೀವಿ, ಎರಡು ದಿನ ನಲ್ಲಿ ನೀರು ಕುಡೀಬೇಡಿ ಅಂತ ಬೆಳಿಗ್ಗೆ ಹಾಕ್ದೆ. ಗ್ರೂಪಿಗೂ ಹೋಯ್ತು, ಪಂಚಾಯ್ತಿ ಪೇಜಿಗೂ ಹೋಯ್ತು. ಎಷ್ಟು ಜನ ಕೈ ಮುಗಿದಿದ್ದಾರೆ ನೋಡಿ.”

ನೋಡಿದೆ. ಮುಗಿದ ಕೈಗಳು ಸಾಲಾಗಿ ನಿಂತಿದ್ದವು. ಅವುಗಳ ಮೇಲೆ ಯಾರದೋ ಶುಭೋದಯದ ಗುಲಾಬಿ, ಕೆಳಗೆ ಒಬ್ಬ ಸದಸ್ಯರ ಹುಟ್ಟುಹಬ್ಬದ ಹಾರ. ನೀರಿನ ಮಾತು ಅವೆರಡರ ನಡುವೆ ಒತ್ತಿಕೊಂಡು ಕೂತಿತ್ತು.

“ಕೊನೇ ಬೀದಿಯವರು ಓ ಅಂದ್ರಾ ತಾಯಿ?” ಎಂದು ಕೇಳಿದೆ.

“ಅಂದ್ರೆ ಸಾರ್?”

ಅಂದರೆ ಏನು ಎಂದು ಹೇಳಲು ಒಂದು ಇಡೀ ವರ್ಷದ ಕತೆ ಹೇಳಬೇಕಿತ್ತು. ಅವಳ ಮೇಜಿನ ಮುಂದೆ ನಾಲ್ಕು ಜನ ಅರ್ಜಿ ಹಿಡಿದು ನಿಂತಿದ್ದರು. ಹೇಳದೆ ಎದ್ದೆ. ಆ ದಿನ ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನಾನು ಆ ಊರಿಗೆ ಹೋದದ್ದು ತೊಂಬತ್ತರ ದಶಕದ ನಡುವಿನಲ್ಲಿ, ಮಂಡಲ ಪಂಚಾಯಿತಿಗಳು ಹೋಗಿ ಗ್ರಾಮ ಪಂಚಾಯಿತಿಗಳು ಬಂದ ಹೊಸತರಲ್ಲಿ. ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದ ಕೋಟೆಯೊಳಗೆ. ಅಪ್ಪ ದೇವಸ್ಥಾನದ ಪರಿಚಾರಕರು. ದೇವರ ಮುಂದೆ ಬಿಟ್ಟರೆ ಬೇರೆಲ್ಲೂ ದನಿ ಎತ್ತದ ಮನೆತನ ನಮ್ಮದು. ಪಾಂಡವಪುರದಲ್ಲಿ ನಾಲ್ಕು ವರ್ಷ ಗುಮಾಸ್ತನಾಗಿದ್ದಾಗ ನಾನು ಕಲಿತ ಒಂದೇ ವಿದ್ಯೆ ಒಕ್ಕಣೆ. ಸುತ್ತೋಲೆಯೋ ತಿಳುವಳಿಕೆ ಪತ್ರವೋ, ನಾನು ಬರೆದುಕೊಟ್ಟರೆ ಮೇಲಿನವರು ಒಂದಕ್ಷರ ತಿದ್ದದೆ ರುಜು ಹಾಕುತ್ತಿದ್ದರು. ಅದರ ಜಂಬ ನನಗೆ ಚೆನ್ನಾಗಿಯೇ ತಲೆಗೇರಿತ್ತು.

ಊರಿಗೆ ಪಂಚಾಯಿತಿ ಏನು ಹೇಳಬೇಕಾದರೂ ಆಗ ಎರಡೇ ದಾರಿ. ಕಚೇರಿಯ ಹೊರಗೋಡೆಯ ಕರಿಹಲಗೆ ಒಂದು, ಮಾರಯ್ಯ ಇನ್ನೊಂದು. ಕರಿಹಲಗೆಯ ಮೇಲೆ ನಾನು ಬರೆದದ್ದನ್ನು ಓದುತ್ತಿದ್ದವನು ಬಹುಮಟ್ಟಿಗೆ ನಾನೇ. ಊರಿಗೆ ಸುದ್ದಿ ಮುಟ್ಟುತ್ತಿದ್ದದ್ದು ಮಾರಯ್ಯನವರಿಂದ. ವಯಸ್ಸಿನಲ್ಲಿ ನನ್ನ ಅಪ್ಪನಷ್ಟು. ಆಗ ನಾನು ಊರಿನ ಎಲ್ಲರಂತೆ ‘ನೀನು’ ಎಂದೇ ಮಾತಾಡಿಸುತ್ತಿದ್ದೆ. ಬರೆಯುವಾಗಲಾದರೂ ಬಹುವಚನ ಇರಲಿ.

ಅವರ ಸಾರಿಕೆಗೆ ಒಂದು ಕಟ್ಟಳೆಯಿತ್ತು. ತಮ್ಮ ಕೇರಿಯಿಂದ ಹೊರಟು ಮೇಲಿನ ಬೀದಿ, ನಡುಬೀದಿ, ಕೊನೆಯ ಬೀದಿ ಎಂದು ನಿಂತು ನಿಂತು ಹೋಗುವರು. ನಿಂತ ಕಡೆ ಮೂರು ಪೆಟ್ಟು ತಮಟೆ, ಆಮೇಲೆ “ಕೇಳ್ರಪ್ಪೋ ಕೇಳಿ”, ಆಮೇಲೆ ವಿಷಯ. ವಿಷಯ ಹೇಳಿದ ಮೇಲೆ ಹೋಗಿಬಿಡುತ್ತಿರಲಿಲ್ಲ, ಕಾಯುತ್ತಿದ್ದರು. ಬೀದಿಯ ಯಾವುದಾದರೂ ಮನೆಯಿಂದ ಯಾರಾದರೂ “ಓ” ಅನ್ನಬೇಕು. ಅನ್ನದಿದ್ದರೆ ಇನ್ನೊಮ್ಮೆ ತಮಟೆ, ಇನ್ನೊಮ್ಮೆ ವಿಷಯ. ಒಂದು ಸಲ ಮೇಲಿನ ಬೀದಿಯವರೆಲ್ಲ ಕಳೆ ಕೀಳಲು ಹೊಲಕ್ಕೆ ಹೋಗಿದ್ದರು. ಈ ಮನುಷ್ಯ ಅವರು ಬರುವವರೆಗೂ ಅರಳಿಕಟ್ಟೆಯ ನೆರಳಿನಲ್ಲಿ ಕೂತಿದ್ದರು. ಕಚೇರಿಯಲ್ಲಿ ಕಾಯುತ್ತಿದ್ದ ನಾನು ರೇಗಿದೆ.

“ಓ ಅನ್ನದ ಬೀದಿ ಸಾರಿದಂಗಲ್ಲ ಅಯ್ನೋರೆ” ಎಂದರು. ಅದರಾಚೆಗೆ ಅವರ ಬಳಿ ವಾದವಿರಲಿಲ್ಲ.

ನನಗೆ ಅದಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು ಅವರು ನನ್ನ ಒಕ್ಕಣೆಯನ್ನು ಬೀದಿಗೆ ತಕ್ಕಂತೆ ಮುರಿದು ಹಾಕುತ್ತಿದ್ದ ರೀತಿ. ‘ಐದು ವರ್ಷದೊಳಗಿನ ಮಕ್ಕಳಿಗೆ ಲಸಿಕಾ ಕಾರ್ಯಕ್ರಮವನ್ನು ಹಮ್ಮಿಕೊಳ್ಳಲಾಗಿದ್ದು’ ಎಂದು ನಾನು ಬರೆದು ಓದಿ ಹೇಳಿದರೆ, ಅವರು ಹೊರಗೆ ಹೋಗಿ, “ನಾಳೀಕೆ ಇಸ್ಕೂಲ್ ತಾವ ಮಕ್ಕಳ ಬಾಯ್ಗೆ ಎರಡು ತೊಟ್ಟು ಔಸ್ತಿ ಬುಡ್ತಾರೆ. ಸೂಜಿ ಗೀಜಿ ಇಲ್ಲ, ಎದ್ರುಬ್ಯಾಡಿ, ಎತ್ಕಂಡು ಬನ್ನಿ” ಎಂದು ಕೂಗಿದರು.

“ಸೂಜಿ ಇಲ್ಲ ಅಂತ ನಾನು ಬರೆದಿದ್ನೇನಯ್ಯಾ?” ಎಂದು ಕೇಳಿದೆ.

“ಬರೀನಿಲ್ಲ ಅಯ್ನೋರೆ. ಅದ್ಕೇ ನಾ ಏಳ್ದೆ.”

ಮರುದಿನ ಶಾಲೆಯ ಮುಂದೆ ಮಕ್ಕಳನ್ನು ಸೊಂಟದಲ್ಲಿಟ್ಟುಕೊಂಡ ಹೆಂಗಸರ ಸಾಲು ರಸ್ತೆಯವರೆಗೂ ಬಂದಿತ್ತು. ಅದು ನನ್ನ ಒಕ್ಕಣೆಯ ಪ್ರಭಾವ ಎಂದೇ ನಾನು ತಿಳಿದಿದ್ದೆ.

ಕೊನೆಯ ಬೀದಿಯ ಕೊನೆಯ ಮನೆ ಸಣ್ಣಮ್ಮನದು. ಐವತ್ತರ ಆಸುಪಾಸಿನ ವಿಧವೆ, ಒಂಟಿ. ಒಬ್ಬಳೇ ಮಗಳು ಗೌರಮ್ಮನನ್ನು ಕೃಷ್ಣರಾಜಪೇಟೆಯ ಕಡೆಗೆ ಕೊಟ್ಟಿದ್ದರು. ಒಂದು ಹಸು ಕಟ್ಟಿಕೊಂಡು ಎರಡು ಹೊತ್ತೂ ಡೇರಿಗೆ ಹಾಲು ಹಾಕುತ್ತಿದ್ದಳು. ಚಿಕ್ಕಂದಿನಲ್ಲಿ ಜ್ವರ ಬಂದು ಎರಡು ಕಿವಿಯೂ ಹೋಗಿದ್ದವು. ಊರಿನಲ್ಲಿ ಕಿವುಡು ಸಣ್ಣಮ್ಮ ಎಂದರೇ ಗುರುತು. ಅವಳಿಗಾಗಿ ಮಾರಯ್ಯ ಅಂಗಳದ ಅಂಚಿಗೆ ಹೋಗಿ ನಿಂತು ತಮಟೆಯನ್ನು ಒಂದಿಷ್ಟು ಜೋರಾಗಿ ಬಡಿಯುತ್ತಿದ್ದರು. ಕಿವಿಗೆ ಕೇಳದಿದ್ದರೂ ಆ ಪೆಟ್ಟು ಅವಳ ಎದೆಗೆ ತಟ್ಟುತ್ತಿತ್ತು. ಒಳಗೆ ಏನು ಮಾಡುತ್ತಿದ್ದರೂ ಬಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬರುವಳು. ಆಮೇಲೆ ಮಾರಯ್ಯನವರ ಕೈಸನ್ನೆ ಶುರು. ಸೂಜಿಮದ್ದಾದರೆ ತೋಳು ಚಿವುಟಿಕೊಳ್ಳುವುದು, ಸಭೆಯಾದರೆ ಎರಡು ಕೈ ಸುತ್ತಿಸಿ ಕುಕ್ಕರಿಸುವುದು, ಕಂದಾಯವಾದರೆ ಮುಖ ಹುಳ್ಳಗೆ ಮಾಡುವುದು. ಕಂದಾಯದ ಮುಖಕ್ಕೆ ಅವಳು ಪ್ರತಿಸಲವೂ ನಗುತ್ತಿದ್ದಳು. ಅರ್ಥವಾದ ಮೇಲೆ “ಓ” ಅನ್ನುವಳು. ತನ್ನ ದನಿ ತನಗೆ ಕೇಳದವಳಾದ್ದರಿಂದ ಅದಕ್ಕೆ ಅಳತೆಯೇ ಇರಲಿಲ್ಲ. ಮೂರು ಬೀದಿ ದಾಟಿ ಕಚೇರಿಯೊಳಕ್ಕೆ ಬರುತ್ತಿತ್ತು ಆ ಓ.

ಸಣ್ಣಮ್ಮ ಓ ಅಂದರೆ ಸಾರಿಕೆ ಮುಗಿಯಿತು ಎಂದು ಊರಿಗೆಲ್ಲ ಗೊತ್ತು. ನಾನು ಕೂತಲ್ಲೇ ಪುಸ್ತಕ ತೆಗೆದು ‘ಪ್ರಚಾರ ಮಾಡಲಾಯಿತು’ ಎಂದು ಬರೆದು ರುಜು ಹಾಕುತ್ತಿದ್ದೆ.

ಎರಡನೆಯ ವರ್ಷ, ಯುಗಾದಿಗೆ ಮುಂಚೆ, ನಮ್ಮ ಅಧ್ಯಕ್ಷರಾಗಿದ್ದ ಜವರೇಗೌಡರು ಕೃಷ್ಣರಾಜಪೇಟೆ ಸಂತೆಗೆ ಹೋಗಿ ಬಂದರು. ಅಲ್ಲಿ ಜೀಪಿಗೆ ಮೈಕು ಕಟ್ಟಿಕೊಂಡು ಯಾರೋ ಏನೋ ಸಾರುತ್ತಿದ್ದುದನ್ನು ನೋಡಿ ಅವರ ಮನಸ್ಸು ಅದರಲ್ಲೇ ನೆಟ್ಟಿತ್ತು.

“ಅಯ್ನೋರೆ, ಇನ್ನೂ ಎಷ್ಟು ದಿನ ಈ ತಮಟೆ? ನಾವೂ ಒಂದು ಮೈಕ್‌ಸೆಟ್ ಆಕುಸ್ಬುಡವಾ? ಇಲ್ಲೇ ಕುಂತ್ಕಂಡು ಮಾತಾಡುದ್ರೆ ಊರಿಗೆಲ್ಲಾ ಕೇಳುಸ್ತದೆ.”

ಅದೇ ವಾರ ಮಾರಯ್ಯನವರ ಮಗ ಶಿವಣ್ಣನೂ ಕಚೇರಿಗೆ ಬಂದಿದ್ದ. ನಾಗಮಂಗಲದಲ್ಲಿ ಬಿ.ಎ. ಓದುತ್ತಿದ್ದ ಹುಡುಗ, ಮಾತು ಕಡಿಮೆ, ಆಡಿದರೆ ನೇರ. “ಸಾ, ಆ ಚರ್ಮ ಬಡಿಯೋ ಕೆಲ್ಸ ನಮ್ಮಪ್ಪಂಗೇ ಕೊನೆಯಾಗ್ಲಿ. ಎಲ್ರೂ ನೆರಳಲ್ಲಿ ಕುಂತ್ಕಂಡು ಕೇಳ್ತಾರೆ. ನಮ್ಮಪ್ಪ ಒಬ್ಬ ಬಿಸಿಲಲ್ಲಿ, ಅಂಗಳದ ಆಚೆ ನಿಂತ್ಕಂಡು ಏಳ್ಬೇಕು. ಯಾಕೆ?”

ಅವನು ಕೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ನಾನು ಸಭೆಯಲ್ಲಿ ಅದನ್ನೇ ಎತ್ತಿ ಹೇಳಿ ಮೈಕಿಗೆ ಒಪ್ಪಿಗೆ ಪಡೆದೆ. ಎಲ್ಲರೂ ತಲೆದೂಗಿದರು. ನಿಜ ಹೇಳಬೇಕೆಂದರೆ ನನ್ನ ಮನಸ್ಸಿನಲ್ಲಿದ್ದದ್ದು ಬೇರೆ: ಇನ್ನು ಮೇಲೆ ನನ್ನ ಮಾತು ನಾನು ಬರೆದ ಹಾಗೆಯೇ, ಯಾರ ಬಾಯಿಗೂ ಸಿಕ್ಕದೆ, ಊರಿನ ಕಿವಿಗೆ ಬೀಳುತ್ತದೆ ಎಂಬ ಆಸೆ. ಆ ಹುಡುಗನ ನ್ಯಾಯವನ್ನು ನನ್ನ ಜಂಬಕ್ಕೆ ಮುಸುಕು ಮಾಡಿಕೊಂಡೆ.

ಯುಗಾದಿಯ ದಿನ ಕಚೇರಿಯ ಮಾಳಿಗೆಯ ಮೇಲೆ ಎರಡು ಹಾರ್ನು ಏರಿದವು. ಒಂದು ಮೇಲಿನ ಬೀದಿಗೆ ಮುಖ, ಇನ್ನೊಂದು ನಡುಬೀದಿಗೆ. ತೆಂಗಿನಕಾಯಿ ಒಡೆದು ಬೇವುಬೆಲ್ಲ ಹಂಚಿದೆವು. ಊರಿಗೆ ಊರೇ ಕತ್ತೆತ್ತಿ ನೋಡುತ್ತಿದ್ದಾಗ ಸಣ್ಣಮ್ಮನೂ ಬಂದು ಕಚೇರಿಯ ಜಗಲಿಯ ಕಂಬಕ್ಕೆ ಅಂಗೈ ಒತ್ತಿ ನಿಂತಳು. ಸ್ವಲ್ಪ ಹೊತ್ತಿನ ಮೇಲೆ ಮಾರಯ್ಯನವರ ಕಡೆ ತಿರುಗಿ, ಏನೂ ತಟ್ಟುವುದಿಲ್ಲ ಎಂದು ಕೈಯಾಡಿಸಿದಳು. ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. ಮಾರಯ್ಯ ನಗಲಿಲ್ಲ.

ಆ ಬೇಸಿಗೆಯೆಲ್ಲ ಮೈಕಿನದೇ ಕಾರುಬಾರು. ಮುಂಜಾನೆ ಐದಕ್ಕೆ ದೇವರನಾಮ. ಆರಕ್ಕೆ ಜವರೇಗೌಡರ ನಮಸ್ಕಾರ. ಆಮೇಲೆ ಯಾರದೋ ಕರು ತಪ್ಪಿಸಿಕೊಂಡದ್ದು, ಯಾರದೋ ಮಗಳು ಮೈನೆರೆದದ್ದು, ಒಬ್ಬ ಸದಸ್ಯನ ಮಗ ಪಾಸಾದದ್ದು, ಇನ್ನೊಬ್ಬ ಸದಸ್ಯ ಅವನಿಗೆ ಶುಭ ಕೋರಿದ್ದು, ಕೋರಿದ್ದಕ್ಕೆ ಇವನು ಧನ್ಯವಾದ ಹೇಳಿದ್ದು. ನಡುನಡುವೆ ನನ್ನ ಪ್ರಕಟಣೆಗಳು. ನಾನು ಗಂಟಲು ಸರಿಮಾಡಿಕೊಂಡು, ಅಕ್ಷರಕ್ಕೆ ಅಕ್ಷರ ತೂಗಿ ಓದುತ್ತಿದ್ದೆ. ಮೊದಮೊದಲು ಜನ ನಿಂತು ಕೇಳಿದರು. ಜ್ಯೇಷ್ಠದ ಹೊತ್ತಿಗೆ ಹಾರ್ನಿನ ಕೆಳಗೇ ಕೂತು ಚೌಕಾಬಾರ ಆಡುವವರು ಕೂಡ ತಲೆ ಎತ್ತುತ್ತಿರಲಿಲ್ಲ. ಅತಿಯಾದರೆ ಅಮೃತವೂ ವಿಷ ಎಂದು ಸುಮ್ಮನೆ ಹೇಳಿಲ್ಲ. ಓ ಅನ್ನುವವರು ಯಾರೂ ಇರಲಿಲ್ಲ, ಕಾಯುವವನೂ ಇರಲಿಲ್ಲ. ನಾನು ಸ್ವಿಚ್ಚು ಆರಿಸಿ ಪುಸ್ತಕ ಬರೆದುಬಿಡುತ್ತಿದ್ದೆ.

ಆ ವರ್ಷ ಹಸ್ತ ಮಳೆ ಹೊಯ್ದ ಹಾಗೆ ನಾನು ಅಲ್ಲಿ ಮತ್ತೆಂದೂ ಕಾಣಲಿಲ್ಲ. ರಾಗಿ ತೆನೆ ಕಟ್ಟಿತ್ತು, ಸಾಲುಗಳಲ್ಲಿ ಹುಚ್ಚೆಳ್ಳಿನ ಹೂವು ಹಳದಿಯಾಗಿ ನಿಂತಿತ್ತು, ಜನ ಖುಷಿಯಾಗಿದ್ದರು. ನಾಲ್ಕು ದಿನ ಬಿಡದೆ ಸುರಿದ ಮೇಲೆ ರಸ್ತೆಬದಿಯ ತಿಪ್ಪೆಗುಂಡಿಗಳು ತುಂಬಿ ಹರಿದವು. ನಮ್ಮ ಕುಡಿಯುವ ನೀರಿನ ಕೊಳವೆ ಹೋಗಿದ್ದದ್ದು ಅವುಗಳ ಪಕ್ಕದಲ್ಲೇ. ಎಲ್ಲೋ ಒಂದು ಕಡೆ ಬಿರುಕು ಬಿಟ್ಟಿತ್ತು. ಐದನೆಯ ದಿನ ಮೇಲಿನ ಬೀದಿಯಲ್ಲಿ ಮೂವರಿಗೆ ವಾಂತಿಭೇದಿ. ಆರೋಗ್ಯ ಇಲಾಖೆಯವರು ಮೊಪೆಡ್ಡಿನಲ್ಲಿ ಬಂದು ನಲ್ಲಿ ನೀರು ನೋಡಿ, ಮೂಗಿನ ಹತ್ತಿರ ಹಿಡಿದು, “ಇದನ್ನ ಯಾರೂ ಒಂದು ಗುಟುಕೂ ಕುಡೀಬಾರದು. ಕೆರೆ ಏರಿ ಹತ್ರದ ಕೈಪಂಪಿನ ನೀರು ಕಾಯಿಸಿ ಕುಡೀಲಿ. ಈಗಲೇ ತಿಳಿಸಿ” ಎಂದರು.

ಆಗ ಬೆಳಗಿನ ಹತ್ತು ಗಂಟೆ. ನಾನು ಕೂತು ಬರೆದೆ. ಹೌದು, ಅಂಥ ಹೊತ್ತಿನಲ್ಲೂ ಕೂತು ಬರೆದೆ. ‘ಕುಡಿಯುವ ನೀರಿನ ಕೊಳವೆ ಮಾರ್ಗದಲ್ಲಿ ಕಲುಷಿತ ನೀರು ಸೇರ್ಪಡೆಯಾಗಿರುವ ಸಂಭವವಿರುವ ಪ್ರಯುಕ್ತ, ಮುಂದಿನ ಪ್ರಕಟಣೆಯವರೆಗೆ ಸದರಿ ನೀರನ್ನು ಉಪಯೋಗಿಸದೆ ಸಾರ್ವಜನಿಕರು ಸಹಕರಿಸಬೇಕಾಗಿ ವಿನಂತಿ.’ ಈ ವಾಕ್ಯ ನನಗೆ ಬಾಯಿಪಾಠವಾಗಿದೆ. ಅದರಲ್ಲಿ ಒಂದು ತಪ್ಪೂ ಇಲ್ಲ. ಮೈಕಿನಲ್ಲಿ ಮೂರು ಸಲ ಓದಿದೆ. ಕಿಟಕಿಯ ಆಚೆ, ಬೇವಿನ ಮರದಡಿ ಇಬ್ಬರು ಮಾತಾಡುತ್ತಿದ್ದರು.

“ಏನಂತ್ಲಾ ಅದು?”

“ಸಹಕರಿಸ್ಬೇಕಂತೆ ಕಣ್ಲಾ. ಕಂದಾಯದ್ದೇ ಇರ್ಬೇಕು ಬುಡು.”

ಹೊರಗೆ ಹೋಗಿ ಆ ಇಬ್ಬರಿಗೆ ಬಿಡಿಸಿ ಹೇಳಿದೆ. ಅವರು ಗಾಬರಿಯಾಗಿ ಮನೆಗೆ ಓಡಿದರು. ಅಲ್ಲಿಂದ ಮಾತು ಬಾಯಿಂದ ಬಾಯಿಗೆ ಹೋಯಿತು, ಮಧ್ಯಾಹ್ನದ ಹೊತ್ತಿಗೆ ಮೇಲಿನ ಬೀದಿ ನಡುಬೀದಿಗಳ ಹೆಂಗಸರು ಕೊಡ ಹೊತ್ತು ಕೆರೆ ಏರಿಯ ಕಡೆ ಹೋಗುವುದು ಕಂಡಿತು. ಸರಿ, ಮುಟ್ಟಿತು ಎಂದುಕೊಂಡೆ.

ಮೂರು ಗಂಟೆಯ ಸುಮಾರಿಗೆ ಮಾರಯ್ಯ ಬಂದು ಬಾಗಿಲ ಹೊರಗೆ ನಿಂತರು. “ಅಯ್ನೋರೆ, ಕೊನೇ ಬೀದಿಗೆ ಯಾರಾದ್ರೂ ಓಗಿದ್ರಾ?”

ನಾನು ತಾಲ್ಲೂಕು ಕಚೇರಿಗೆ ವರದಿ ಬರೆಯುತ್ತಿದ್ದೆ. ತಲೆ ಎತ್ತದೆ, “ಮೈಕಿನಲ್ಲಿ ಮೂರು ಸಲ ಹೇಳಿದ್ದೀನಿ ಮಾರಯ್ಯ. ಇನ್ನೇನು ಮನೆಮನೆಗೆ ಹೋಗಿ ಕಾಲಿಗೆ ಬೀಳಬೇಕಾ? ಇದು ಇನ್ನು ನಿನ್ನ ಕೆಲಸ ಅಲ್ಲ, ಹೋಗು” ಎಂದೆ.

ಅವರು ಹೊರಟುಹೋದರು. ನಾನು ‘ಧ್ವನಿವರ್ಧಕದ ಮೂಲಕ ಮೂರು ಬಾರಿ ಪ್ರಚಾರ ಮಾಡಲಾಗಿದೆ’ ಎಂದು ಪುಸ್ತಕದಲ್ಲಿ ಬರೆದು, ವರದಿ ಹಿಡಿದು ನಾಲ್ಕೂವರೆಯ ಬಸ್ಸಿಗೆ ನಾಗಮಂಗಲಕ್ಕೆ ಹೊರಟೆ.

ಕೊನೆಯ ಬೀದಿಯ ಉಳಿದ ಮನೆಗಳಿಗೂ ಸುದ್ದಿ ಮುಟ್ಟಿತ್ತು. ಸಣ್ಣಮ್ಮನಿಗೆ ಮಾತ್ರ ಯಾರೂ ಹೇಳಲಿಲ್ಲ. ಪಕ್ಕದವರು ಹೇಳಿರುತ್ತಾರೆ ಎಂದು ಎದುರು ಮನೆಯವರು ಅಂದುಕೊಂಡರು; ಪಂಚಾಯಿತಿಯವರೇ ಬಂದು ಹೇಳಿರುತ್ತಾರೆ ಎಂದು ಪಕ್ಕದವರು ಅಂದುಕೊಂಡರು. ಇಷ್ಟು ವರ್ಷ ಅವಳಿಗೆ ಊರಿನ ಸುದ್ದಿ ಹೇಳುವುದು ಮಾರಯ್ಯನವರ ಕೆಲಸವಾಗಿತ್ತು, ಬೇರೆ ಯಾರಿಗೂ ಆ ಸನ್ನೆಗಳು ಬರುತ್ತಲೂ ಇರಲಿಲ್ಲ. ಅವಳು ಎಂದಿನಂತೆ ನಲ್ಲಿಯಲ್ಲಿ ನೀರು ಹಿಡಿದಳು, ಎಂದಿನಂತೆ ಕುಡಿದಳು.

ಮೂರನೆಯ ದಿನ ಬೆಳಿಗ್ಗೆ ಡೇರಿಗೆ ಸಣ್ಣಮ್ಮನ ಹಾಲು ಬರಲಿಲ್ಲ. ಹಸು ಕೂಗುತ್ತಿತ್ತು. ಡೇರಿಯವರು ಹೋಗಿ ನೋಡಿದರೆ ಅವಳು ಒಳಮನೆಯಲ್ಲಿ ಬಿದ್ದಿದ್ದಳು, ಕಣ್ಣು ಗುಳಿ ಬಿದ್ದಿತ್ತು, ಪಕ್ಕದಲ್ಲಿ ಚೊಂಬು. ದಾಹಕ್ಕೆ ಮತ್ತೆ ಮತ್ತೆ ಅದೇ ನೀರನ್ನು ಕುಡಿದಿದ್ದಳು. ಟ್ರಾಕ್ಟರಿನಲ್ಲಿ ಹಾಸಿಗೆ ಹಾಕಿ ಆಸ್ಪತ್ರೆಗೆ ಸಾಗಿಸಿದರು. ಮಗಳಿಗೆ ತಿಳಿಸಬೇಕಲ್ಲ, ಬಿಂಡಿಗನವಿಲೆಯಲ್ಲಿ ಯಾರೋ ಕೃಷ್ಣರಾಜಪೇಟೆಯ ಬಸ್ಸಿನ ಕಂಡಕ್ಟರಿಗೆ ಹೇಳಿದರು. ಅವನು ಬಸ್ ಸ್ಟ್ಯಾಂಡಿನ ಹೂವಿನವಳಿಗೆ ಹೇಳಿದ, ಅವಳು ಗೌರಮ್ಮನ ಊರಿನ ಹಾಲಿನವನಿಗೆ ಹೇಳಿದಳು. ಮಧ್ಯಾಹ್ನದೊಳಗೆ ಗೌರಮ್ಮ ಆಸ್ಪತ್ರೆಯ ಬಾಗಿಲಲ್ಲಿದ್ದಳು. ಅಷ್ಟು ದೂರದ ಮಗಳಿಗೆ ಮೂರು ಬಾಯಿ ದಾಟಿ ಮುಟ್ಟಿದ ಮಾತು, ಮೂರು ಬೀದಿ ಆಚೆಯ ತಾಯಿಗೆ ನನ್ನ ಎರಡು ಹಾರ್ನಿನಿಂದ ಮುಟ್ಟಿರಲಿಲ್ಲ. ವೈದ್ಯರು ಮಾಡುವಷ್ಟು ಮಾಡಿದರು. ಸಂಜೆಯ ಹೊತ್ತಿಗೆ ಸಣ್ಣಮ್ಮ ಹೋದಳು.

ಮರುದಿನ ಮಣ್ಣು ಮಾಡಿದರು. ನಾನು ಹೋಗಿ ದೂರದಲ್ಲಿ ನಿಂತಿದ್ದೆ. ಎಲ್ಲ ಮುಗಿದ ಮೇಲೆ ಗೌರಮ್ಮ ನನ್ನ ಹತ್ತಿರ ಬಂದಳು. ಅಳುತ್ತಿರಲಿಲ್ಲ. ಗಟ್ಟಿಯಾಗಿಯೂ ಮಾತಾಡಲಿಲ್ಲ.

“ಊರಿಗೆಲ್ಲಾ ಏಳಿದ್ರಂತಲ್ಲಾ ಸಾ. ನಮ್ಮವ್ವಂಗೆ ಯಾರು ಏಳಿದ್ರು?”

ಅವಳು ಉತ್ತರಕ್ಕಾಗಿ ಕಾದಳು. ಆಮೇಲೆ ಹೆಂಗಸರು ಬಂದು ಅವಳನ್ನು ಕರೆದುಕೊಂಡು ಹೋದರು.

ಎರಡು ದಿನ ಬಿಟ್ಟು ತಾಲ್ಲೂಕಿನಿಂದ ಒಬ್ಬ ಅಧಿಕಾರಿ ವಿಚಾರಣೆಗೆ ಬಂದರು. ಪುಸ್ತಕ ತೆರೆದು ನಾನು ಬರೆದದ್ದನ್ನು ಓದಿದರು. “ಪ್ರಚಾರ ಆಗಿದೆಯಲ್ಲ. ನಿಮ್ಮದೇನೂ ತಪ್ಪಿಲ್ಲ ಬಿಡಿ” ಎಂದು ಪಕ್ಕದಲ್ಲಿ ರುಜು ಹಾಕಿದರು. ಯಾರಾದರೂ ನನ್ನನ್ನು ಬೈದಿದ್ದರೆ ಆ ರಾತ್ರಿ ನಿದ್ದೆ ಬರುತ್ತಿತ್ತೇನೋ.

ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವ ಗಾದೆಯನ್ನು, ಕೋಟೆಯನ್ನೇ ಕಳೆದುಕೊಂಡ ನಮ್ಮ ಶ್ರೀರಂಗಪಟ್ಟಣದವರು ಬೇರೆಯವರಿಗೆ ಹೇಳಬಾರದು. ಆದರೆ ನಾವು ಮಾಡಿದ್ದು ಅದನ್ನೇ. ಕೊಳವೆ ಬದಲಾಯಿಸಿದೆವು, ತಿಪ್ಪೆಗಳನ್ನು ಎತ್ತಿಸಿದೆವು, ಟ್ಯಾಂಕು ತೊಳೆದೆವು, ಮೂಟೆಗಟ್ಟಲೆ ಬ್ಲೀಚಿಂಗ್ ಪುಡಿ ಸುರಿದೆವು. ಊರೆಲ್ಲ ಅದರದೇ ವಾಸನೆ. ನೀರು ಶುದ್ಧವಾಗಿದೆ ಎಂದು ಮೈಕಿನಲ್ಲಿ ಹೇಳಿದೆ. ಒಬ್ಬರೂ ನಂಬಲಿಲ್ಲ. ಬಾಣಂತಿಯರು ಮುದುಕಿಯರು ಕೆಸರಿನಲ್ಲಿ ಜಾರಿಕೊಂಡು ಕೆರೆ ಏರಿಯಿಂದಲೇ ನೀರು ಹೊರುತ್ತಿದ್ದರು.

ಆಗ ನಾನು ಮಾರಯ್ಯನವರ ಮನೆಗೆ ಹೋದೆ. ಎರಡು ವರ್ಷದಲ್ಲಿ ಆ ಕೇರಿಯೊಳಗೆ ಮೊದಲ ಸಲ. ಶಿವಣ್ಣ ಬಾಗಿಲಲ್ಲೇ ಅಡ್ಡ ನಿಂತ.

“ತಮಟೆ ಅಂದ್ರೆ ಬ್ಯಾಡ ಸಾ. ನಿಲ್ಲಿಸಿದೋರು ನೀವೇ, ಅದೊಂದು ಒಳ್ಳೇ ಕೆಲ್ಸ ಮಾಡಿದ್ರಿ. ಈಗ ನಿಮ್ಗೆ ಬೇಕು ಅಂತ ಮತ್ತೆ ನಮ್ಮಪ್ಪನ್ ಕೊರಳ್ಗೆ ಆಕ್ಬ್ಯಾಡಿ.”

“ತಮಟೆ ಬೇಡ ಶಿವಣ್ಣ” ಎಂದೆ. “ಹೇಗೆ ಹೇಳಬೇಕು ಅಂತ ಕೇಳೋಕೆ ಬಂದೆ.”

ಮಾರಯ್ಯ ಒಳಗಿನಿಂದ ಬಂದರು. ಬಹಳ ಇಳಿದುಹೋಗಿದ್ದರು. ಗೋಡೆಗೆ ಒರಗಿ ಕೂತು, ನನ್ನ ಮುಖ ನೋಡದೆ ಹೇಳಿದರು: “ಅವತ್ತು ನಾ ಓಗ್ಬೋದಿತ್ತು ಅಯ್ನೋರೆ. ನೀವು ಗದರುದ್ರಿ ಅಂತ ಸಿಟ್ಟು ಬಂದ್ಬುಡ್ತು. ನಂದೇನು ಅಂದ್ಕಂಡು ಮನೆಗೋದೆ. ಎಂಗೂ ಅವ್ಳ ಬಾಗ್ಲು ಮುಂದೆ ಆಯ್ದೇ ಓಗ್ಬೇಕಿತ್ತು, ಬೇಕಂತ ಬ್ಯಾರೆ ದಾರೀಲಿ ಬಂದೆ.”

ಹಾಗೆ ಹೇಳಿ ತಲೆ ತಗ್ಗಿಸಿದರು. ನನ್ನ ಪಾಲಿನ ತಪ್ಪನ್ನು ಆ ಮನುಷ್ಯ ತಾನೂ ಹೊರುತ್ತಿದ್ದದ್ದು ನೋಡಿ ನನಗೆ ನಾಚಿಕೆಯಿಂದ ಅಳು ಬಂತು. ಅವರ ಮುಂದೆ ನೆಲದ ಮೇಲೆ ಕೂತೆ. ಶಿವಣ್ಣ ಒಳಗಿನಿಂದ ಚಾಪೆ ತಂದ, ಆಮೇಲೆ ನೀರು ತಂದ. ಬ್ಲೀಚಿಂಗ್ ವಾಸನೆಯ ನೀರು. ಕುಡಿದೆ.

“ಏಳಿ, ಓಗವಾ” ಎಂದರು ಮಾರಯ್ಯ. “ಕೂಗೋರು ನೀವೇ. ನಾ ಜೊತೇಲಿರ್ತೀನಿ.”

ದೇವರ ಮುಂದೆ ಬಿಟ್ಟರೆ ದನಿ ಎತ್ತದ ಮನೆತನದ ನಾನು ಮೇಲಿನ ಬೀದಿಯ ನಡುವೆ ನಿಂತು ಕೂಗಿದೆ. ಮೊದಲ ಸಲ ದನಿ ಒಡೆಯಿತು. ಮಾರಯ್ಯ ಪಕ್ಕದಲ್ಲಿ ಮೆಲ್ಲಗೆ ಮಾತು ಕೊಡುತ್ತಿದ್ದರು, ನಾನು ಅದನ್ನೇ ಕೂಗುತ್ತಿದ್ದೆ. “ಕೇಳ್ರಪ್ಪೋ ಕೇಳಿ. ನಲ್ಲಿ ನೀರು ಈಗ ಸರಿ ಹೋಗಿದೆ. ನಾನೂ ಕುಡಿದಿದ್ದೀನಿ. ವಾಸನೆ ಔಷಧಿದು, ಹೆದರಬೇಡಿ.” ಜನ ಬಾಗಿಲಿಗೆ ಬಂದು ನೋಡಿದರು. ಯಾರೂ ನಗಲಿಲ್ಲ. ಬಹಳ ಹೊತ್ತಿನ ಮೇಲೆ ಒಬ್ಬ ಮುದುಕಿ “ಓ” ಅಂದಳು. ಮಾರಯ್ಯ ಮುಂದೆ ನಡೆದರು, ನಾನು ಹಿಂದೆ ನಡೆದೆ. ನಡುಬೀದಿಯಲ್ಲಿ ಜವರೇಗೌಡರೇ ಜಗಲಿಯಿಂದ ಎದ್ದು ನಿಂತು ಓ ಅಂದರು.

ಕೊನೆಯ ಬೀದಿಯಲ್ಲೂ ಓ ಬಂತು. ಅಲ್ಲಿಗೆ ನಿಲ್ಲಬಹುದಿತ್ತು. ಮಾರಯ್ಯನವರ ಕಾಲು ತಾನಾಗಿ ಸಣ್ಣಮ್ಮನ ಅಂಗಳದ ಅಂಚಿಗೆ ಹೋಗಿ ನಿಂತಿತು. ಹನ್ನೊಂದು ದಿನದ ತನಕ ಗೌರಮ್ಮ ಆ ಮನೆಯಲ್ಲೇ ಇದ್ದಳು. ನಾನು ಅಲ್ಲಿಯೂ ಕೂಗಿದೆ. ಅವಳು ಹೊರಗೆ ಬಂದಳು. ನನ್ನನ್ನು ನೋಡಿದಳು, ಮಾರಯ್ಯನವರನ್ನು ನೋಡಿದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾವು ನಿಂತೇ ಇದ್ದೆವು. ಕೊಟ್ಟಿಗೆಯಲ್ಲಿ ಹಸು ಮೆಲುಕು ಹಾಕುತ್ತಿತ್ತು.

“ನಡೀರಿ ಅಯ್ನೋರೆ” ಎಂದರು ಮಾರಯ್ಯ ಕೊನೆಗೆ. “ಇಲ್ಲಿ ಓ ಬರಾಕಿಲ್ಲ.”

ಅಲ್ಲಿ ಇನ್ನೂ ಎರಡು ವರ್ಷ ಇದ್ದೆ. ಮೈಕು ಮಾಳಿಗೆಯ ಮೇಲೇ ಇತ್ತು, ಜವರೇಗೌಡರು ನಮಸ್ಕಾರ ಹೇಳುವುದನ್ನು ಬಿಟ್ಟಿದ್ದರು. ಮುಖ್ಯವಾದ ಮಾತಿದ್ದರೆ ನಾನೇ ಬೀದಿಗೆ ಹೋಗುತ್ತಿದ್ದೆ, ಓ ಕೇಳುವವರೆಗೆ ಪುಸ್ತಕ ಬರೆಯುತ್ತಿರಲಿಲ್ಲ. ಆಮೇಲೆ ವರ್ಗವಾಯಿತು. ಶಿವಣ್ಣ ಮೇಷ್ಟರಾದ ಎಂದು ಕೇಳಿದೆ. ಮಾರಯ್ಯ ತೀರಿಕೊಂಡದ್ದೂ ತಡವಾಗಿ ಗೊತ್ತಾಯಿತು. ಎಷ್ಟು ಊರು ತಿರುಗಿದರೂ ಆ ಮುಚ್ಚಿದ ಬಾಗಿಲು ನನ್ನ ಜೊತೆಗೇ ಬಂತು.

ಅಂದು, ಕಾರ್ತೀಕದ ಆ ಮಧ್ಯಾಹ್ನ, ಕಚೇರಿಯಿಂದ ಎದ್ದವನು ಬಸ್ಸಿನ ಕಡೆ ಹೋಗಲಿಲ್ಲ. ಕೊನೆಯ ಬೀದಿಗೆ ಈಗ ಸಿಮೆಂಟು ಹಾಕಿದ್ದಾರೆ. ಕೊನೆಯ ಮನೆಗೆ ಹೆಂಚು ಹೋಗಿ ತಾರಸಿ ಬಂದಿದೆ. ಅಂಗಳದಲ್ಲಿ ಒಬ್ಬ ಹೆಂಗಸು ಹಾಲಿನ ಕ್ಯಾನು ತೊಳೆಯುತ್ತಿದ್ದಳು. ತಾಯಿಯದೇ ವಯಸ್ಸು ಈಗ ಅವಳಿಗೂ.

“ಯಾರು?”

“ಹಳೇ ಸೆಕ್ರೆಟರಿ ಕಣಮ್ಮ.”

ಅವಳು ಎದ್ದು ಸೆರಗಿಗೆ ಕೈ ಒರೆಸಿಕೊಂಡಳು. ಗಂಡ ಮಕ್ಕಳೊಂದಿಗೆ ತವರಿನ ಹೊಲ ನೋಡಿಕೊಂಡು ಇಲ್ಲಿಯೇ ಇದ್ದಾಳೆಂದು ಗೃಹಪ್ರವೇಶದ ಮನೆಯಲ್ಲಿ ಹೇಳಿದ್ದರು. ಕೂತುಕೊಳ್ಳಿ ಎನ್ನಲಿಲ್ಲ. ಹೋಗಿ ಎಂದೂ ಅನ್ನಲಿಲ್ಲ.

“ನಾಳೆ ಟ್ಯಾಂಕು ತೊಳೆದು ಔಷಧಿ ಹಾಕ್ತಾರಂತೆ. ಎರಡು ದಿನ ನಲ್ಲಿ ನೀರು ಕುಡೀಬೇಡಿ. ಪಂಚಾಯಿತಿಯವರು ಫೋನಿಗೆ ಹಾಕಿದ್ದಾರೆ. ನಿನಗೆ ಬಂದಿದೆಯಾ?”

“ನನ್ ಫೋನು ಅಂತಾದ್ದಲ್ಲ ಸಾ. ಬರೀ ಮಾತಾಡಾದು.”

“ಅದಕ್ಕೇ ಹೇಳೋಕೆ ಬಂದೆ.”

ಅವಳು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಕ್ಯಾನು ಎತ್ತಿಕೊಂಡು ಒಳಗೆ ಹೋದಳು. ಬಿಂದಿಗೆ ಸರಿಸುವ ಸದ್ದು, ಮುಚ್ಚಳದ ಸದ್ದು. ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ನಾನು ಅಂಗಳದ ಅಂಚಿನಲ್ಲಿ, ಮಾರಯ್ಯ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿದ್ದೆ.

“ಓ” ಎಂದಿತು ಒಳಗಿನಿಂದ ದನಿ. ಅಷ್ಟು ಗಟ್ಟಿಯಾಗಿ ಹೇಳಬೇಕಾಗಿರಲಿಲ್ಲ. ಮೂರು ಬೀದಿಗೆ ಕೇಳಿಸುವಷ್ಟು ಗಟ್ಟಿಯಾಗಿತ್ತು.

ನಾನು ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಅವಳು ಬಾಗಿಲಿಗೆ ಬಂದಳು. “ಎದ್ರು ಮನೆ ತಾತಂಗೂ ಏಳ್ಬುಡಿ ಸಾ. ಅವ್ನತ್ರ ಯಾವ್ ಫೋನೂ ಇಲ್ಲ.”

ಬಸ್ಸು ಹೋದರೆ ಹೋಗಲಿ ಎಂದು ಬೀದಿ ದಾಟಿ ಎದುರು ಮನೆಯ ಬಾಗಿಲು ತಟ್ಟಿದೆ.